ಮಗುವಿಗೆ ಹಗುರವಾದ ಸ್ವೆಟರ್ ಹೆಣೆಯಬೇಕು, ಯಾವ ಉಲ್ಲನ್ ತೆಗೆದುಕೊಳ್ಳಲಿ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಂಗಿಗೆ ಇನ್ನೆರಡು ತಿಂಗಳಲ್ಲಿ ಹೆರಿಗೆ. ಮಗುವಿಗೆ ನೀವೇ ಒಂದು ಸ್ವೆಟರ್ ಹೆಣೆದುಕೊಡಬೇಕು. ಮಫ್ಲರ್, ಟೋಪಿ ಹೆಣೆದು ಅಭ್ಯಾಸವಿದೆ, ಸೀದಾ ಉಲ್ಟಾ ಎರಡೂ ಬರುತ್ತವೆ. ಮನೆಯಲ್ಲಿದ್ದ ದಪ್ಪ ಉಲ್ಲನ್‌ನಲ್ಲಿ ಶುರು ಮಾಡಿದರೆ ಬಟ್ಟೆ ಚಾಪೆಯಂತೆ ಬಿರುಸಾಗುತ್ತಿದೆ. ತೂತು ತೂತಿನ ಲೇಸ್ ವಿನ್ಯಾಸ ಹಾಕಿದರೆ ಹಗುರವಾಗುತ್ತದೆಯೇ ಎಂದು ಕೇಳಿದ್ದೀರಿ.

ಲೇಸ್ ಬೇಡ. ದಪ್ಪ ನೂಲಿನಲ್ಲಿ ಎಷ್ಟು ತೂತು ಬಿಟ್ಟರೂ ನೂಲಿನ ದಪ್ಪ ಹಾಗೆಯೇ ಇರುತ್ತದೆ, ಮಡಿಕೆ ಬಿದ್ದಲ್ಲಿ ಒತ್ತುತ್ತದೆ. ಮೇಲಾಗಿ ಮಗುವಿನ ಬೆರಳುಗಳು ಆ ತೂತುಗಳಿಗೆ ಸಿಕ್ಕಿಕೊಳ್ಳುತ್ತವೆ. ಸ್ವೆಟರ್ ಹಗುರವಾಗುವುದು ಎರಡು ಕಾರಣಗಳಿಂದ: ನೂಲು ತೆಳ್ಳಗಿರಬೇಕು, ಹೆಣಿಗೆ ತುಸು ಸಡಿಲವಿರಬೇಕು. ವಿನ್ಯಾಸಕ್ಕೂ ಇದಕ್ಕೂ ಸಂಬಂಧ ಕಮ್ಮಿ. ತೀರಾ ಸರಳ ಹೆಣಿಗೆಯಲ್ಲೇ, ಸರಿಯಾದ ನೂಲಿದ್ದರೆ, ಕೈಯಲ್ಲಿ ಹಿಡಿದರೆ ತೂಕವೇ ತಿಳಿಯದಂಥ ಸ್ವೆಟರ್ ಬರುತ್ತದೆ. ಆ ದಪ್ಪ ಉಂಡೆಯನ್ನು ಇನ್ನೊಂದು ಮಫ್ಲರಿಗೆ ಎತ್ತಿಡಿ.

ಹಾಗಾದರೆ ಎಷ್ಟು ತೆಳ್ಳಗೆ? ಚೀಟಿಯ ಮೇಲೆ 'ಫಿಂಗರಿಂಗ್' ಅಥವಾ '4 ಪ್ಲೈ' ಎಂದಿರುವುದು ನಿಮಗೆ ಬೇಕಾದದ್ದು. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ನೂಲಿರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ದಪ್ಪದ್ದು 'ಸ್ಪೋರ್ಟ್', ಇನ್ನೂ ದಪ್ಪದ್ದು 'ಡಿಕೆ'. ಡಿಕೆಯಲ್ಲಿ 100 ಗ್ರಾಂಗೆ 220–230 ಮೀಟರ್ ಅಷ್ಟೇ. ಪ್ಲೈ ಎಂಬ ಮಾತನ್ನು ಮಾತ್ರ ನಂಬಬೇಡಿ. ಎಳೆಗಳ ಸಂಖ್ಯೆ ನಾಲ್ಕಿದ್ದೂ ದಪ್ಪವಾಗಿರುವ ನೂಲುಗಳಿವೆ. ಗ್ರಾಂ ಮತ್ತು ಮೀಟರ್, ಈ ಎರಡನ್ನು ಒಟ್ಟಿಗೆ ಓದಿದರೆ ನೂಲಿನ ದಪ್ಪ ಗೊತ್ತಾಗಿಬಿಡುತ್ತದೆ. ಆರು ತಿಂಗಳ ಮಗುವಿನ ಸ್ವೆಟರಿಗೆ ಫಿಂಗರಿಂಗ್ ನೂಲು ಹೆಚ್ಚೆಂದರೆ 300 ಮೀಟರ್ ಹಿಡಿಯುತ್ತದೆ. ಅಂದರೆ ಒಂದೇ ಉಂಡೆ ಸಾಕು, ಮುಗಿದ ಸ್ವೆಟರಿನ ತೂಕ 70–75 ಗ್ರಾಂ. 50 ಗ್ರಾಂನ ಎರಡು ಉಂಡೆ ಕೊಂಡರೆ ಡೈ ಲಾಟ್ ಸಂಖ್ಯೆ (ಒಂದೇ ಸಲಕ್ಕೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇದೆಯೇ ನೋಡಿಕೊಳ್ಳಿ. ಬಿಳಿ ಬಣ್ಣದಲ್ಲೂ ವ್ಯತ್ಯಾಸ ಕಾಣುತ್ತದೆ, ಅದೂ ಸರಿಯಾಗಿ ಎದೆಯ ಮಧ್ಯದಲ್ಲೇ.

ಯಾವ ನಾರು ಎಂಬುದರಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ: ಸೂಪರ್‌ವಾಶ್ ಮೆರಿನೊ. ಮೆರಿನೊ ಎಂದರೆ ಆ ಹೆಸರಿನ ತಳಿಯ ಕುರಿಯ ನಯವಾದ ಉಣ್ಣೆ. ಉಣ್ಣೆ ಚುಚ್ಚುತ್ತದೆ ಎಂಬ ದೂರು ಇದೆಯಲ್ಲ, ಅದಕ್ಕೆ ಕಾರಣ ದಪ್ಪ ಎಳೆಗಳು. ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ನಯವಾದ ಮೆರಿನೊ ಎಳೆ 20 ಮೈಕ್ರಾನ್ ಒಳಗೇ ಇರುವುದರಿಂದ ತಾಗಿದ ಕೂಡಲೇ ಬಾಗಿಕೊಳ್ಳುತ್ತದೆ. ಸೂಪರ್‌ವಾಶ್ ಎಂದರೆ, ಉಣ್ಣೆಯ ಎಳೆಯ ಮೇಲಿನ ಸಣ್ಣ ಹುರುಪೆಗಳನ್ನು ಸವೆಸಿ ಅಥವಾ ಅವುಗಳ ಮೇಲೆ ತೆಳುವಾದ ಲೇಪ ಕೊಟ್ಟು, ಒಗೆದಾಗ ಒಂದಕ್ಕೊಂದು ಕಚ್ಚಿಕೊಳ್ಳದಂತೆ ಮಾಡಿದ್ದು. ಸಾಮಾನ್ಯ ಉಣ್ಣೆಯನ್ನು ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗಿ ಗೊಂಬೆಯ ಅಳತೆಗೆ ಬರುತ್ತದೆ. ಹಾಲು ಕಕ್ಕುವ ಮಗುವಿನ ಬಟ್ಟೆ ದಿನಾ ಒಗೆಯುವವರಿಗೆ ಅಷ್ಟೆಲ್ಲ ಜೋಪಾನ ಮಾಡು ಎನ್ನುವುದು ನ್ಯಾಯವಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ. ಆದ್ದರಿಂದ ತೀರಾ ಚಳಿಯಿಲ್ಲದ ದಿನಗಳಲ್ಲೂ ತೆಳು ಉಣ್ಣೆ ಹಿತವಾಗಿಯೇ ಇರುತ್ತದೆ.

ಹತ್ತಿ ನೂಲು ಹಗುರ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದು ತಂಪು, ಹಗುರವಲ್ಲ. ಅಷ್ಟೇ ದಪ್ಪದ ಉಣ್ಣೆಗಿಂತ ಹತ್ತಿ ಹೆಚ್ಚು ತೂಗುತ್ತದೆ, ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ, ಆದ್ದರಿಂದ ಮಣಿಕಟ್ಟಿನ ರಿಬ್ (ಸೀದಾ ಉಲ್ಟಾ ಕುಣಿಕೆ ಬದಲಿಸುತ್ತ ಹೆಣೆದ, ಎಳೆದರೆ ಹಿಗ್ಗುವ ಪಟ್ಟಿ) ನಾಲ್ಕು ದಿನಕ್ಕೆ ಜೋತುಬೀಳುತ್ತದೆ. ಮಗು ಬೇಸಿಗೆಯಲ್ಲಿ ಹಾಕುವುದಾದರೆ, ಅಥವಾ ಮನೆಯವರಿಗೆ ಉಣ್ಣೆ ಆಗಿಬರದಿದ್ದರೆ ಹತ್ತಿ ಬೆರೆತ ಅಕ್ರಿಲಿಕ್ ತೆಗೆದುಕೊಳ್ಳಿ. ಬರೀ ಅಕ್ರಿಲಿಕ್ ಕೂಡ ಕೆಟ್ಟದ್ದೇನಲ್ಲ. ತೂಕ ಕಮ್ಮಿ, ಒಗೆಯುವುದು ಸುಲಭ. ಆದರೆ ಬೆವರು ಹೀರುವುದಿಲ್ಲ, ಇಸ್ತ್ರಿ ತಾಗಿಸಿದರೆ ಸತ್ತು ಜೋಲುತ್ತದೆ. ಆಡಿನ ಕೂದಲಿನ ಮೊಹೇರ್, ಮೊಲದ ಕೂದಲಿನ ಅಂಗೋರಾ ಬೇಡವೇ ಬೇಡ. ನೋಡಲು ಮುದ್ದಾಗಿರುತ್ತವೆ, ಆದರೆ ಉದುರುವ ಕೂದಲು ನೇರ ಮಗುವಿನ ಬಾಯಿಗೆ ಹೋಗುತ್ತದೆ. ಕೊಳ್ಳುವಾಗ ನೂಲನ್ನು ಕೈಯಲ್ಲಿ ಹಿಸುಕಿ ನೋಡಿದರೆ ಸಾಲದು, ಕತ್ತಿಗೆ ಒತ್ತಿ ಹಿಡಿದು ನೋಡಿ. ಅಂಗೈ ಒರಟು, ಅದಕ್ಕೆ ಏನೂ ತಿಳಿಯುವುದಿಲ್ಲ.

ಈಗ ಅಳತೆ. ಹುಟ್ಟಿದ ಮಗುವಿನ ಅಳತೆಗೆ ಹೆಣೆಯಬೇಡಿ, ಕೆಲವು ವಾರಗಳಲ್ಲೇ ಚಿಕ್ಕದಾಗುತ್ತದೆ. ಸ್ವೆಟರ್ ಹಾಕುವಂಥ ಹವೆ ಬರುವಾಗ ಮಗುವಿಗೆ ಎಷ್ಟು ತಿಂಗಳಾಗಿರುತ್ತದೆ ಎಂದು ಲೆಕ್ಕ ಹಾಕಿ, ಆ ಅಳತೆಗೆ ಹೆಣೆಯಿರಿ. ಸಾಮಾನ್ಯವಾಗಿ ಬಳಸುವ ಎದೆ ಸುತ್ತಳತೆ ಮೂರು ತಿಂಗಳಿಗೆ 40.5 ಸೆಂ.ಮೀ., ಆರು ತಿಂಗಳಿಗೆ 43, ಒಂದು ವರ್ಷಕ್ಕೆ 45.5. ಗಮನಿಸಿ, ಆರು ತಿಂಗಳಿಗೂ ಒಂದು ವರ್ಷಕ್ಕೂ ಎದೆಯಲ್ಲಿ ವ್ಯತ್ಯಾಸ ಎರಡೂವರೆ ಸೆಂ.ಮೀ. ಮಾತ್ರ. ಮಗು ಬೆಳೆಯುವುದು ಹೆಚ್ಚಾಗಿ ಉದ್ದಕ್ಕೆ. ಹಾಗಾಗಿ ಎದೆಯಲ್ಲಿ 5–6 ಸೆಂ.ಮೀ. ಸಡಿಲ ಬಿಟ್ಟು, ತೋಳನ್ನು ಒಂದು ಮಡಿಕೆ ಮಡಿಚುವಷ್ಟು ಉದ್ದ ಮಾಡಿದರೆ ಬಹಳ ತಿಂಗಳು ಬಾಳುತ್ತದೆ.

ಮುಂದೆ ತೆರೆಯುವ, ಗುಂಡಿಯಿರುವ ಸ್ವೆಟರನ್ನೇ ಹೆಣೆಯಿರಿ. ಎಳೆಯ ಮಗುವಿನ ತಲೆಯ ಸುತ್ತಳತೆ ಎದೆಯಷ್ಟೇ ಇರುತ್ತದೆ, ಕತ್ತು ಇನ್ನೂ ನಿಂತಿರುವುದಿಲ್ಲ. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರ್ ಎಂದರೆ ಮಗುವಿಗೂ ಅಳು, ಹಾಕುವವರಿಗೂ ಪೀಕಲಾಟ.

ಹೊಲಿಗೆಯ ಜೋಡಣೆ ನಿಮಗೆ ಹೊಸದಾದ್ದರಿಂದ ತೋಳು ಕತ್ತಿನಿಂದ ಕಂಕುಳಿಗೆ ಓರೆ ಗೆರೆಯಲ್ಲಿ ಕೂಡುವಂತೆ, ಕತ್ತಿನಿಂದ ಕೆಳಕ್ಕೆ ಹೆಣೆಯುವ ರ‍್ಯಾಗ್ಲನ್ ಸೂಕ್ತ. ತುಂಡು ತುಂಡು ಹೆಣೆದು ಹೊಲಿಯುವ ಸ್ವೆಟರಿನಲ್ಲಿ ಭುಜ, ಪಕ್ಕೆ, ಕಂಕುಳಲ್ಲೆಲ್ಲ ಹೊಲಿಗೆಯ ದಿಂಡು ಬರುತ್ತದೆ. ತೆಳು ಬಟ್ಟೆಯಲ್ಲಿ ಆ ದಿಂಡೇ ಎಲ್ಲಕ್ಕಿಂತ ದಪ್ಪ ಜಾಗ. ಇಲ್ಲಿ ಆ ಸಮಸ್ಯೆಯಿಲ್ಲ. 3 ಮಿ.ಮೀ. ಅಥವಾ 3.25 ಮಿ.ಮೀ.ನ ಉದ್ದ ಸರ್ಕ್ಯುಲರ್ ಕಡ್ಡಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ತೆಗೆದುಕೊಳ್ಳಿ, ಸುತ್ತ ಹೆಣೆಯಲು ಅಲ್ಲ, ಅಷ್ಟೂ ಕುಣಿಕೆ ಹಿಡಿಸಲು.

ಮೊದಲು ಸ್ಯಾಂಪಲ್. ಬೇಸರದ ಕೆಲಸ, ಗೊತ್ತು. 40 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದು, ಅಂಗೈಗಿಂತ ದೊಡ್ಡ ಚೌಕ ಮಾಡಿ. ಒಗೆದು, ಒಣಗಿಸಿ, ಆಮೇಲೆ ಎಣಿಸಿ. ಸೂಪರ್‌ವಾಶ್ ನೂಲು ನೀರು ತಾಗಿದ ಮೇಲೆ ಹಿಗ್ಗುತ್ತದೆ, ಒಗೆಯದೆ ಎಣಿಸಿದ ಲೆಕ್ಕ ಸುಳ್ಳಾಗುತ್ತದೆ. 10 ಸೆಂ.ಮೀ.ಗೆ 28 ಕುಣಿಕೆ, 36 ಸಾಲು ಬಂದರೆ ಕೆಳಗಿನ ಲೆಕ್ಕ ನಿಮಗೆ ಹೊಂದುತ್ತದೆ. 26 ಬಂದರೆ ಇದೇ ಸ್ವೆಟರಿನ ಎದೆ 49ರ ಬದಲು 53 ಸೆಂ.ಮೀ. ಆಗುತ್ತದೆ, 30 ಬಂದರೆ 46ಕ್ಕೆ ಇಳಿಯುತ್ತದೆ. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಮ್ಮಿ ಬಂದರೆ ಸಣ್ಣ ಕಡ್ಡಿ. ಬಿಗಿಯಾಗಿ ಹೆಣೆಯುವ ಕೈ ನಿಮ್ಮದು ಎಂದು ನನ್ನ ಊಹೆ (ಚಾಪೆಯ ಮಾತು ಕೇಳಿಯೇ ಹಾಗನ್ನಿಸಿತು), 3.5ರ ಕಡ್ಡಿಯೂ ಕೈಗೆಟಕುವಲ್ಲಿರಲಿ.

ಆರು ತಿಂಗಳ ಅಳತೆಗೆ ಲೆಕ್ಕ ಇದು. 84 ಕುಣಿಕೆ ಸಡಿಲವಾಗಿ ಹಾಕಿ. ಕತ್ತಿನ ಪಟ್ಟಿಗೆ ಆರು ಸಾಲು ಎಲ್ಲವನ್ನೂ ಸೀದಾ ಹೆಣೆಯಿರಿ. ಆಮೇಲೆ ಮಾರ್ಕರ್ (ಕಡ್ಡಿಗೆ ಸಿಕ್ಕಿಸುವ ಗುರುತಿನ ಉಂಗುರ) ಹಾಕುತ್ತ ಹೀಗೆ ಭಾಗ ಮಾಡಿ: 18 ಮುಂಭಾಗ, 12 ತೋಳು, 24 ಬೆನ್ನು, 12 ತೋಳು, 18 ಮುಂಭಾಗ. ಎರಡೂ ಅಂಚಿನ ಆರಾರು ಕುಣಿಕೆ ಗುಂಡಿಪಟ್ಟಿ, ಅವನ್ನು ಕೊನೆಯವರೆಗೂ ಎರಡೂ ಬದಿಯಲ್ಲಿ ಸೀದಾನೇ ಹೆಣೆಯಬೇಕು, ಇಲ್ಲದಿದ್ದರೆ ಅಂಚು ಸುರುಳಿ ಸುತ್ತುತ್ತದೆ. ಇನ್ನು ಪ್ರತಿ ಸೀದಾ ಸಾಲಿನಲ್ಲಿ ನಾಲ್ಕು ಮಾರ್ಕರುಗಳ ಎರಡೂ ಪಕ್ಕ ಒಂದೊಂದು ಕುಣಿಕೆ ಹೆಚ್ಚಿಸಿ, ಸಾಲಿಗೆ ಒಟ್ಟು ಎಂಟು. ಮಾರ್ಕರಿಗೆ ತಾಗಿಯೇ ಬೇಡ, ಮಧ್ಯೆ ಒಂದು ಕುಣಿಕೆ ಬಿಟ್ಟು ಹೆಚ್ಚಿಸಿದರೆ ಗೆರೆ ಅಚ್ಚುಕಟ್ಟಾಗಿ ಕಾಣುತ್ತದೆ. ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ, ತಿರುವಿ ಹೆಣೆಯಿರಿ. ತಿರುವದಿದ್ದರೆ ಅಲ್ಲೊಂದು ತೂತು ಉಳಿಯುತ್ತದೆ. ಉಲ್ಟಾ ಸಾಲಿನಲ್ಲಿ ಏನೂ ಹೆಚ್ಚಿಸುವುದಿಲ್ಲ, ಬಂದಂತೆ ಹೆಣೆದುಕೊಂಡು ಹೋಗಿ.

ಹೀಗೆ 18 ಸಲ ಹೆಚ್ಚಿಸಿದ ಮೇಲೆ ಕಡ್ಡಿಯ ಮೇಲೆ 228 ಕುಣಿಕೆ ಇರಬೇಕು: 36, 48, 60, 48, 36. ಸರಿಬಾರದಿದ್ದರೆ ಇಲ್ಲೇ ನಿಂತು ಹುಡುಕಿ, ಮುಂದೆ ಹೋಗಬೇಡಿ. ತೋಳಿನ 48 ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಬಿಟ್ಟು, ಆ ಜಾಗದಲ್ಲಿ ಪ್ರತಿ ಕಂಕುಳಿಗೂ 6 ಹೊಸ ಕುಣಿಕೆ ಹಾಕಿ, ಮುಂಭಾಗ–ಬೆನ್ನು–ಮುಂಭಾಗ ಒಟ್ಟಿಗೆ ಹೆಣೆಯಿರಿ. ಈಗ 144 ಕುಣಿಕೆ. ಗುಂಡಿ ಹಾಕಿದಾಗ ಒಂದರ ಮೇಲೊಂದು ಬರುವ ಆರನ್ನು ಕಳೆದರೆ 138, ಅದೇ 49 ಸೆಂ.ಮೀ. ಕಂಕುಳಿಂದ ಕೆಳಗೆ 15 ಸೆಂ.ಮೀ. ಉದ್ದ ಸಾಕು. ಕೊನೆಯ ಎರಡು ಸೆಂ.ಮೀ. ರಿಬ್ ಅಥವಾ ಬರೀ ಸೀದಾ.

ಕಾಜಗಳನ್ನು ಮರೆಯಬೇಡಿ. ಕತ್ತಿನ ಪಟ್ಟಿಯಲ್ಲೇ ಮೊದಲನೆಯದು, ಆಮೇಲೆ ಸುಮಾರು 20 ಸಾಲಿಗೊಂದು. ಪಟ್ಟಿಯ ಮಧ್ಯದಲ್ಲಿ ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ, ಮುಂದಿನ ಎರಡು ಕುಣಿಕೆ ಸೇರಿಸಿ ಹೆಣೆದರೆ ಸಣ್ಣ ಗುಂಡಿಗೆ ಹೇಳಿ ಮಾಡಿಸಿದ ತೂತು.

ತೋಳಿಗೆ ದಾರದಲ್ಲಿದ್ದ 48 ಮತ್ತು ಕಂಕುಳಿಂದ ಎತ್ತಿಕೊಂಡ 6, ಒಟ್ಟು 54. ಆರು ಸಾಲಿಗೊಮ್ಮೆ ಎರಡು ಕುಣಿಕೆ ಕಮ್ಮಿ ಮಾಡುತ್ತ ಏಳು ಸಲಕ್ಕೆ 40ಕ್ಕೆ ಇಳಿಸಿ, ಮಣಿಕಟ್ಟಿನ ರಿಬ್ ಸೇರಿ 17 ಸೆಂ.ಮೀ. ಉದ್ದ ಬಂದಾಗ ಮುಗಿಸಿ. ಇಷ್ಟು ಸಣ್ಣ ಸುತ್ತನ್ನು ಹೆಣೆಯಲು ಎರಡೂ ತುದಿ ಚೂಪಾದ ಐದು ಕಡ್ಡಿಗಳ ಸೆಟ್ ಬೇಕು. ಅದು ಕೈಗೆ ಒಗ್ಗದಿದ್ದರೆ ತೋಳನ್ನು ಚಪ್ಪಟೆಯಾಗಿ ಹೆಣೆದು ಒಂದು ಹೊಲಿಗೆ ಹಾಕಿ, ಯಾರೂ ಬೈಯುವುದಿಲ್ಲ. ಮುಗಿಸುವ ಸಾಲನ್ನು ಒಂದು ಅಳತೆ ದಪ್ಪ ಕಡ್ಡಿಯಲ್ಲಿ ಹೆಣೆಯಿರಿ. ಮಣಿಕಟ್ಟು ಬಿಗಿಯಾದರೆ ಮುಷ್ಟಿ ಕಟ್ಟಿದ ಪುಟ್ಟ ಕೈ ಒಳಗೆ ಹೋಗುವುದೇ ಇಲ್ಲ.

ಸುರಕ್ಷತೆಯ ಮಾತು ಚುಟುಕಾಗಿ ಹೇಳುತ್ತೇನೆ, ಆದರೆ ಗಟ್ಟಿಯಾಗಿ. ಕತ್ತಿಗೆ ಕಟ್ಟುವ ದಾರ, ರಿಬ್ಬನ್, ಜೋತಾಡುವ ಉಲ್ಲನ್ ಚೆಂಡು ಯಾವುದೂ ಬೇಡ. ಗುಂಡಿಗಳನ್ನು ನೂಲಿನಲ್ಲಿ ಹೊಲಿಯದೆ ಗಟ್ಟಿ ಹೊಲಿಗೆ ದಾರದಲ್ಲಿ, ಹಿಂದೆ ಚಪ್ಪಟೆ ಗುಂಡಿಯೊಂದನ್ನು ಆಸರೆ ಕೊಟ್ಟು ಹೊಲಿಯಿರಿ, ಎಳೆದು ಪರೀಕ್ಷಿಸಿ. ಎರಡು ಬಣ್ಣದ ಚಿತ್ತಾರ ಹಾಕಿದರೆ ಒಳಗಡೆ ಉದ್ದುದ್ದ ಎಳೆಗಳು ಉಳಿದು ಬೆರಳಿಗೆ ಸುತ್ತಿಕೊಳ್ಳುತ್ತವೆ. ಬಣ್ಣ ಬೇಕೆನಿಸಿದರೆ ಅಡ್ಡ ಪಟ್ಟೆ ಹಾಕಿ. ಮಗು ಮಲಗುವಾಗ ಮೈ ಅತಿಯಾಗಿ ಬಿಸಿಯಾಗುವುದು ಅಪಾಯ, ಆದ್ದರಿಂದ ಸ್ವೆಟರ್ ಎಚ್ಚರವಿದ್ದಾಗ ಹಾಕಲು ಎಂದು ತಂಗಿಗೆ ಹೇಳಿ ಕೊಡಿ. ಸೆಕೆಯಾಗಿದೆಯೇ ಎಂದು ಅಂಗೈ ಮುಟ್ಟಿ ನೋಡುವುದು ನಮ್ಮೆಲ್ಲರ ರೂಢಿ. ಮಗುವಿನ ಕೈಕಾಲು ಹೇಗೂ ತಣ್ಣಗಿರುತ್ತವೆ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು.

ಮುಗಿದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಅಂಕುಡೊಂಕು ಕುಣಿಕೆಗಳೆಲ್ಲ ಆಗ ಸಾಲಿಗೆ ಬರುತ್ತವೆ. ಹಗ್ಗಕ್ಕೆ ನೇತುಹಾಕಿದರೆ ಮೊಣಕಾಲಿಗೆ ಬರುತ್ತದೆ. ನೂಲಿನ ಚೀಟಿಯನ್ನು ಉಡುಗೊರೆಯ ಜೊತೆಗೇ ಇಡಿ, ಒಗೆಯುವವರಿಗೆ ಬೇಕಾಗುತ್ತದೆ.

ಎರಡು ತಿಂಗಳಲ್ಲಿ ಆಗುತ್ತದೆಯೇ ಎಂದೂ ಕೇಳಿದ್ದೀರಲ್ಲ. ಈ ಸ್ವೆಟರಿನಲ್ಲಿ ಹೆಚ್ಚುಕಮ್ಮಿ 19 ಸಾವಿರ ಕುಣಿಕೆಗಳಿವೆ. ನಿಮಿಷಕ್ಕೆ 20 ಕುಣಿಕೆ ಹೆಣೆದರೂ ಸುಮಾರು 16 ಗಂಟೆ. ಬಿಚ್ಚುವುದು, ಎಣಿಸುವುದು, ಗುಂಡಿ ಹೊಲಿಯುವುದು ಸೇರಿಸಿ ಇಪ್ಪತ್ತೈದು ಎಂದಿಟ್ಟುಕೊಳ್ಳಿ, ದಿನಕ್ಕೊಂದು ಗಂಟೆ ಕೂತರೆ ಒಂದು ತಿಂಗಳೊಳಗಿನ ಕೆಲಸ. ಆರು ತಿಂಗಳ ಅಳತೆಯಾದ್ದರಿಂದ ಹೆರಿಗೆಯ ದಿನಕ್ಕೇ ಮುಗಿಯಬೇಕೆಂಬ ಅವಸರವೂ ಇಲ್ಲ. ಆದರೂ ನಾಮಕರಣಕ್ಕೇ ಕೊಡಬೇಕು, ಸಮಯ ಸಾಲದು ಅನ್ನಿಸಿದರೆ ತೋಳು ಹೆಣೆಯಲೇಬೇಡಿ. ದಾರದಲ್ಲಿರುವ 48 ಮತ್ತು ಕಂಕುಳಿನ 6 ಕುಣಿಕೆಗಳನ್ನು ಕಡ್ಡಿಗೆ ತಂದು, ನಾಲ್ಕು ಸಾಲು ರಿಬ್ ಹೆಣೆದು ಮುಗಿಸಿ. ಅದು ಅರೆತೋಳಿನ ಸ್ವೆಟರ್ ಆಗುತ್ತದೆ, ನೀವು ಕೇಳಿದ್ದಕ್ಕಿಂತಲೂ ಹಗುರ.