ಎರಡು ತಿಂಗಳ ಹೊಸ ನಾಯಿಮರಿಗೆ ಎಂಥ ಕಾಲರ್ (ಕುತ್ತಿಗೆ ಪಟ್ಟಿ), ಎಂಥ ಲೀಶ್ (ಹಿಡಿದು ನಡೆಸುವ ಹಗ್ಗ) ತರಬೇಕು?

ಎರಡು ತಿಂಗಳ ಮರಿ ಎಂದಿದ್ದೀರಿ. ಹಾಗಾದರೆ ದುಬಾರಿ ಕಾಲರ್ ಬೇಡವೇ ಬೇಡ, ಕೆಲವೇ ವಾರಗಳಲ್ಲಿ ಅದು ಚಿಕ್ಕದಾಗುತ್ತದೆ. ಅಳತೆ ಹಿಗ್ಗಿಸಲು ಬರುವ ಹಗುರವಾದ, ಚಪ್ಪಟೆ ನೈಲಾನ್ ಪಟ್ಟಿ ಸಾಕು. ಕಟ್ಟಿದ ಮೇಲೆ ಕುತ್ತಿಗೆಗೂ ಪಟ್ಟಿಗೂ ನಡುವೆ ನಿಮ್ಮ 2 ಬೆರಳು ಆರಾಮಾಗಿ ತೂರಬೇಕು. ಅದಕ್ಕಿಂತ ಸಡಿಲವಿದ್ದರೆ ಮರಿ ತಲೆ ನುಣುಚಿಕೊಂಡು ಓಡುತ್ತದೆ. ವಾರಕ್ಕೊಮ್ಮೆಯಾದರೂ ಈ ಬೆರಳಳತೆ ನೋಡುತ್ತಿರಿ. ಮರೆತರೆ ಪಟ್ಟಿ ಒತ್ತಿ ಹುಣ್ಣಾಗುತ್ತದೆ, ದಟ್ಟ ಕೂದಲಿನ ಮರಿಗಳಲ್ಲಂತೂ ಅದು ಕಣ್ಣಿಗೇ ಬೀಳುವುದಿಲ್ಲ.

ಲೀಶ್ 4ರಿಂದ 6 ಅಡಿ ಇರಲಿ, ಕೊಕ್ಕೆ ಚಿಕ್ಕದಿರಲಿ. ಭಾರದ ಕೊಕ್ಕೆ ಗದ್ದಕ್ಕೆ ಬಡಿಯುತ್ತಿದ್ದರೆ ಮರಿ ಕೂತಲ್ಲಿಂದ ಏಳುವುದಿಲ್ಲ, ನಾವು ಅದನ್ನು ಹಟ ಎಂದುಕೊಳ್ಳುತ್ತೇವೆ! ಕಬ್ಬಿಣದ ಚೈನ್, ಎಳೆದಂತೆ ಬಿಗಿಯುವ ಕಾಲರ್ ಎರಡೂ ಬೇಡ. ತಾನಾಗಿ ಉದ್ದವಾಗುವ ಲೀಶ್ ಕೂಡ ಈಗಲೇ ಬೇಡ. ಎಳೆದರೆ ಮುಂದೆ ಹೋಗಬಹುದು ಎಂಬ ಪಾಠ ಅದರಿಂದಲೇ ಶುರುವಾಗುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ತಳಿಯಾದರೆ ಲೀಶನ್ನು ಕಾಲರಿಗಲ್ಲ, ಹಾರ್ನೆಸ್‌ಗೆ (ಎದೆ, ಬೆನ್ನು ಸುತ್ತಿ ತೊಡಿಸುವ ಪಟ್ಟಿ) ಸಿಕ್ಕಿಸಿ. ಅವುಗಳಿಗೆ ಉಸಿರಾಟವೇ ಕಷ್ಟ.

ಮೊದಮೊದಲು ಆಟದ ಹೊತ್ತಿನಲ್ಲಿ ಕಾಲರ್ ಕೆಲವು ನಿಮಿಷ ಹಾಕಿ ತೆಗೆಯಿರಿ. ಕೆರೆದುಕೊಳ್ಳುತ್ತದೆ, ಪರವಾಗಿಲ್ಲ. ಪಂಜರದೊಳಗೆ ಒಂಟಿಯಾಗಿ ಬಿಡುವಾಗ ಮಾತ್ರ ಕಾಲರ್ ಬಿಚ್ಚಿಬಿಡಿ, ಕಂಬಿಗೆ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ.