62 ಸಾವಿರ ಕಿ.ಮೀ. ಓಡಿದ ಸೆಕೆಂಡ್‌ಹ್ಯಾಂಡ್ ಸಿಬಿಆರ್ 250ಆರ್‌ಗೆ ಯಾವಾಗ, ಏನೇನು ಮಾಡಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬದಿಯಡ್ಕದಲ್ಲಿ ಮನೆ, ಕೆಲಸಕ್ಕೆ ದಿನಾ ಮಂಗಳೂರಿಗೆ ಹೋಗಿ ಬರಬೇಕು. 62 ಸಾವಿರ ಓಡಿದ ಹೋಂಡಾ ಸಿಬಿಆರ್ 250ಆರ್ ತೆಗೆದುಕೊಂಡಿದ್ದೀರಿ. ಗ್ಯಾರೇಜಿನವರು "ಇಷ್ಟು ಓಡಿದೆಯಲ್ಲ, ಎಂಜಿನ್ ಒಮ್ಮೆ ಬಿಚ್ಚಿ ನೋಡುವ" ಎಂದಿದ್ದಾರೆ. ಬಿಚ್ಚಿಸಬೇಕಾ? ಮಾಮೂಲು ಸರ್ವೀಸಿನಲ್ಲಿ ಏನೇನು ನೋಡಿಸಬೇಕು?

ಬೇಡ ಮಾರಾಯ್ರೆ. ಎಂಜಿನ್ ಹಾಗೇ ಇರಲಿ, ಮೊದಲು ಫೇರಿಂಗ್ (ಎಂಜಿನ್ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿಸಿ.

ನನ್ನದೂ ಅದೇ ಬೈಕ್, ಕುಂಬಳೆಯಲ್ಲಿ ಓಡುತ್ತಿದೆ, 90 ಸಾವಿರ ದಾಟಿದೆ. ಅದರ ಎಂಜಿನ್ ಗಟ್ಟಿ ಪಿಂಡ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇದೆಯಾ, ಸಾವಿರ ಕಿಲೋಮೀಟರಿಗೆ ಆಯಿಲ್ ಎಷ್ಟು ಇಳಿಯುತ್ತದೆ, ಗೇಜ್ ಹಾಕಿದರೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬರುತ್ತದಾ? ಈ ಮೂರಕ್ಕೂ ಉತ್ತರ ಸಿಗುವ ಮೊದಲು ಹೆಡ್ (ಎಂಜಿನ್ನಿನ ಮೇಲ್ಭಾಗ) ತೆಗೆಯಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಚೆನ್ನಾಗಿರುವ ಎಂಜಿನ್ ಸುಮ್ನೆ ಬಿಚ್ಚಿದರೆ ಗ್ಯಾಸ್ಕೆಟ್ ಖರ್ಚು, ಮತ್ತೆ ಎಲ್ಲೋ ಒಂದು ಕಡೆ ಆಯಿಲ್ ಒಸರುವುದು, ಅಷ್ಟೇ ಲಾಭ.

ನಮ್ಮ ಕಡೆ ಬೈಕ್ ಹಾಳಾಗುವುದು ಓಡಿ ಅಲ್ಲ, ನೆನೆದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಮಳೆ ಬಿಟ್ಟರೆ ಕಡಲ ಉಪ್ಪುಗಾಳಿ. ಅದೂ ಸಾಲದು ಅಂತ ಮುರಕಲ್ಲಿನ ಕೆಂಪು ಧೂಳು. ಹಾಗಾಗಿ ನಾನು ಸರ್ವೀಸ್ ಲೆಕ್ಕವನ್ನು ಮೀಟರ್ ನೋಡಿ ಇಡುವುದಿಲ್ಲ. ಎಂಜಿನ್ ಆಯಿಲ್‌ಗೆ, ಬೇಸಿಗೆಯಲ್ಲಿ ಚೈನ್‌ನ ಎಣ್ಣೆಗೆ ಮಾತ್ರ ಕಿಲೋಮೀಟರ್ ನೋಡುತ್ತೇನೆ. ಉಳಿದದ್ದಕ್ಕೆಲ್ಲ ವರ್ಷಕ್ಕೆ ಎರಡು ಗಡು: ಮೇ ಕೊನೆಯ ಪತ್ತನಾಜೆ (ತುಳುವಿನ ಬೇಶ ತಿಂಗಳ ಹತ್ತನೇ ದಿನ) ಒಂದು, ದೀಪಾವಳಿ ಇನ್ನೊಂದು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವಾಗ ಮಳೆಗೆ ತಯಾರಿ, ಮೇಳ ಹೊರಡುವಾಗ ಮಳೆ ಮಾಡಿದ ಹಾನಿಯ ತಪಾಸಣೆ. ಮರೆಯುವ ಪ್ರಶ್ನೆಯೇ ಇಲ್ಲ ಅಲ್ವಾ?

ಈ ಎರಡು ಸಲವೂ ಫೇರಿಂಗ್ ಪೂರ್ತಿ ಕಳಚಬೇಕು. ಸ್ಪ್ಲೆಂಡರ್ ಆದರೆ ಒಸರುವುದು, ತುಕ್ಕು ಹಿಡಿಯುವುದು ಎಲ್ಲ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಎಲ್ಲವೂ ಪ್ಲಾಸ್ಟಿಕ್ಕಿನ ಹಿಂದೆ. ಗ್ಯಾರೇಜಿನವರಿಗೆ ಅದನ್ನು ಬಿಚ್ಚಲು ಉದಾಸೀನ, ಕ್ಲಿಪ್ ಮುರಿದರೆ ಗಿರಾಕಿ ಬೈಯುತ್ತಾನೆ ಎಂಬ ಹೆದರಿಕೆ ಬೇರೆ. ನೀವೇ ಮನೆಯಲ್ಲಿ ಬಿಚ್ಚಿಕೊಂಡು ಹೋದರೆ ಅರ್ಧ ಜಗಳ ಕಡಿಮೆ. ಅಲನ್ ಕೀ ಸೆಟ್, ಒಂದು ಸ್ಕ್ರೂಡ್ರೈವರ್, ಸ್ಕ್ರೂ ಹಾಕಿಡಲು ಒಂದು ಡಬ್ಬಿ ಸಾಕು.

ಬಿಚ್ಚಿದ ಕೂಡಲೇ ನೋಡಬೇಕಾದ್ದು ವಾಟರ್ ಪಂಪ್. ಅದರ ಕೆಳಭಾಗದಲ್ಲಿ ಒಂದು ಸಣ್ಣ ತೂತು ಉಂಟು. ಅಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಒಣಗಿದ ಕಲೆಯೋ ಹನಿಯೋ ಕಂಡರೆ ಒಳಗಿನ ಸೀಲ್ ಹೋಗಿದೆ ಎಂದೇ ಅರ್ಥ. ತೂತು ಇಟ್ಟದ್ದೇ ಆ ಸೂಚನೆ ಕೊಡಲಿಕ್ಕೆ. ಕೆಲವರು ಅದನ್ನು ಎಂ-ಸೀಲ್ ಹಾಕಿ ಮುಚ್ಚುತ್ತಾರೆ! ಹಾಗೆ ಮಾಡಿದರೆ ಕೂಲೆಂಟ್ ಹೊರಗೆ ಹೋಗುವ ಬದಲು ಆಯಿಲ್‌ಗೆ ಸೇರುತ್ತದೆ, ಆಗ ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತದೆ. ರೇಡಿಯೇಟರಿನ ಎಲೆಗಳ ನಡುವೆ ಕೆಸರು ಕೂತಿದ್ದರೆ ಪೈಪಿನ ಮೆಲ್ಲಗಿನ ನೀರಿನಲ್ಲಿ ತೊಳೆಯಿರಿ. ಹಳೇ ಕೂಲೆಂಟ್ ಎಷ್ಟು ವರ್ಷದ್ದೋ ದೇವರಿಗೇ ಗೊತ್ತು, ಹೇಗೂ ಒಮ್ಮೆ ಬದಲಿಸಿ. ಬಾವಿ ನೀರು ಸೇರಿಸಬೇಡಿ, ರೆಡಿ ಮಿಕ್ಸ್ ಸಿಗುತ್ತದೆ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಇನ್ನು ಚೈನ್. ಮಳೆಗಾಲದಲ್ಲಿ ಅತಿ ಬೇಗ ಸಾಯುವ ವಸ್ತು ಇದು. ಇದರಲ್ಲಿ ಓ-ರಿಂಗ್ ಚೈನ್ ಬರುತ್ತದೆ. ಅಂದರೆ ಪ್ರತಿ ಕೊಂಡಿಯ ಪಿನ್ನಿನೊಳಗೆ ಗ್ರೀಸ್ ತುಂಬಿ ರಬ್ಬರ್ ಬಳೆಯಿಂದ ಮುಚ್ಚಿರುತ್ತಾರೆ. ಪೆಟ್ರೋಲ್ ಹಾಕಿ, ತಂತಿ ಬ್ರಶ್‌ನಲ್ಲಿ ತಿಕ್ಕಿದರೆ ರಬ್ಬರ್ ಹೋಯಿತು, ಹಿಂದೆಯೇ ಗ್ರೀಸ್ ಹೋಯಿತು. ಸೀಮೆಎಣ್ಣೆ, ಮೆತ್ತಗಿನ ಬ್ರಶ್, ಒಣ ಬಟ್ಟೆ ಇಷ್ಟೇ ಸಾಕು. ಆಮೇಲೆ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್. ಮನೆಗೆ ಬಂದು ಚೈನ್ ಬೆಚ್ಚಗಿರುವಾಗಲೇ ಹಾಕಿ, ರಾತ್ರಿಯಿಡೀ ಒಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ಚೆನ್ನಾಗಿ ನೆನೆದ ದಿನವೆಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಆನ್ ಮಾಡಿ ಗೇರಿನಲ್ಲಿಟ್ಟು ಚೈನ್ ಒರೆಸಲು ಹೋದರೆ ಬೆರಳು ಕಳೆದುಕೊಳ್ಳುತ್ತೀರಿ.

ಮುಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಮುಚ್ಚಳವನ್ನೂ ತೆಗೆಯಿರಿ. ಹಳೇ ಗ್ರೀಸು, ಕೆಂಪು ಮಣ್ಣು, ಚೂರು ಪಾರು ಎಲೆ ಸೇರಿ ಕಪ್ಪು ಹಿಟ್ಟಿನಂತೆ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆಯುವವರೆಗೆ ಹಲ್ಲಿನ ಸ್ಥಿತಿ ಕಾಣುವುದೇ ಇಲ್ಲ. ಹಲ್ಲು ಒಂದು ಕಡೆಗೆ ಬಾಗಿ ಕೊಕ್ಕೆಯ ಹಾಗೆ ಆಗಿದ್ದರೆ, ಅಥವಾ ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡರೆ, ಪೂರ್ತಿ ಸೆಟ್ ಬದಲಿಸಿ. ಚೈನ್ ಮಾತ್ರ ಹೊಸದು ಹಾಕಿ ದುಡ್ಡು ಉಳಿಸುವುದು ಬೇಡ, ಹಳೇ ಹಲ್ಲು ಹೊಸ ಚೈನನ್ನು ತಿಂದುಬಿಡುತ್ತದೆ. ಸಡಿಲ ಎಷ್ಟಿರಬೇಕು ಎಂಬುದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಸ್ಟಿಕ್ಕರಿನಲ್ಲಿ ಇರುತ್ತದೆ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲಿ ಅಳೆಯಿರಿ.

ಬ್ರೇಕ್ ಫ್ಲೂಯಿಡ್ ಬಗ್ಗೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನನಗೆ ಅದೇ ಆಶ್ಚರ್ಯ. ಇದರಲ್ಲಿರುವ ಡಾಟ್ 4 ದರ್ಜೆಯ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಬಂದರೆ ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಬ್ರೇಕ್ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎನ್ನುತ್ತಾರೆ, ನಮ್ಮ ಹವೆಗೆ ನಾನು ಪ್ರತಿ ಪತ್ತನಾಜೆಗೂ ಬದಲಿಸುತ್ತೇನೆ. ನಿಮ್ಮದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾಡೆಲ್ ಆದರೆ ಹಿಂದಿನ ಪೆಡಲ್ ಒತ್ತಿದಾಗ ಮುಂದಿನ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಕೂಡ ಸ್ವಲ್ಪ ಹಿಡಿಯುತ್ತದೆ. ಗಾಳಿ ತೆಗೆಯುವಾಗ ಅದನ್ನೂ ಸೇರಿಸಬೇಕು ಎಂದು ಮೆಕ್ಯಾನಿಕ್‌ಗೆ ನೆನಪಿಸಿ. ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಬ್ರೇಕ್‌ನದ್ದೇ ಸಿಲಿಕೋನ್ ಗ್ರೀಸ್ ಹಾಕಿಸಿ, ಚೈನ್‌ಗೆ ಹಾಕುವುದನ್ನಲ್ಲ.

ಆಯಿಲ್ 10ಡಬ್ಲ್ಯೂ-30, ಡಬ್ಬಿಯ ಮೇಲೆ ಜಾಸೋ ಎಂಎ (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ವಾಲ್ವ್ ಬಗ್ಗೆ ಒಂದು ಮಾತು. ಟಕಟಕ ಸದ್ದು ಬಂದರೆ ಜನ ಹೆದರುತ್ತಾರೆ, ಸದ್ದಿಲ್ಲದಿದ್ದರೆ ಎಂಜಿನ್ ನಯ ಎನ್ನುತ್ತಾರೆ. ಆದರೆ ಜಾಸ್ತಿ ಓಡಿದ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವಿನ (ಹೊಗೆ ಹೊರಬಿಡುವ ಬಾಗಿಲು) ಸಂದು ಕಿರಿದಾಗುತ್ತಾ ಬರುತ್ತದೆ, ಆಗ ಸದ್ದು ಕಡಿಮೆಯೇ ಆಗುವುದು. ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಐಡಲ್‌ನಲ್ಲಿ ಆಫ್ ಆಗುವುದು ಇದರ ಲಕ್ಷಣ. ಹಳೇ ಮಾಲೀಕರ ಹತ್ತಿರ ದಾಖಲೆ ಇಲ್ಲದಿದ್ದರೆ ಒಮ್ಮೆ ಅಳೆಸಿ, ಎಂಜಿನ್ ಪೂರ್ತಿ ತಣ್ಣಗಿರಬೇಕು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ಒತ್ತುವ ಕಡ್ಡಿ) ತೆಗೆಯದೆಯೇ ಶಿಮ್ (ಸಂದು ಸರಿಹೊಂದಿಸುವ ಸಣ್ಣ ಬಿಲ್ಲೆ) ಬದಲಿಸಬಹುದು, ಹಾಗಾಗಿ "ಅದು ದೊಡ್ಡ ಕೆಲಸ" ಎಂದರೆ ನಂಬಬೇಡಿ.

ಉಳಿದದ್ದು ಬೇಗ ಮುಗಿಯುತ್ತದೆ. ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ಮೆಲ್ಲ ತಿರುಗಿಸಿ. ನಡುವಿನಲ್ಲಿ ಸಿಕ್ಕಿಕೊಂಡಂತೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಟಯರ್ ಮೇಲಿನ ನಾಲ್ಕು ಅಂಕಿ ಓದಿ, 2319 ಎಂದರೆ 2019ರ 23ನೇ ವಾರ. ಟಯರಿನ ಗುಂಡಿ (ನೆಲ ಕಚ್ಚುವ ಉಬ್ಬು) ಸವೆಯದಿದ್ದರೂ ಹಳೇ ರಬ್ಬರ್ ಮಳೆಯಲ್ಲಿ ಜಾರುತ್ತದೆ. ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಆಯಿಲ್ ಯಾವಾಗ ಹಾಕಿದ್ದೆಂದು ಗೊತ್ತಿಲ್ಲದಿದ್ದರೆ ಬದಲಿಸಿ. ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಬ್ಯಾಟರಿ ಬದಲಿಸುವ ಮೊದಲು ಚಾರ್ಜಿಂಗ್ ಕಪ್ಲರ್‌ಗಳಲ್ಲಿ (ವಯರ್ ಜೋಡಿಸುವ ಪ್ಲಗ್) ಹಸಿರು ತುಕ್ಕು ಹುಡುಕಿ.

ವಾಟರ್ ಪಂಪ್ ಸೀಲ್, ಚೈನ್ ಸೆಟ್ ಬೇಕೆಂದಾದರೆ ಏಪ್ರಿಲ್‌ನಲ್ಲೇ ಆರ್ಡರ್ ಮಾಡಿ. ಬಿಎಸ್6 ಹೊಗೆ ನಿಯಮ ಬಂದಾಗ, 2020ರಲ್ಲಿ, ಈ ಮಾಡೆಲ್ ನಿಂತಿದೆ. ಕೇಳಿದ ದಿನವೇ ಸಾಮಾನು ಸಿಗುತ್ತದೆ ಎಂಬ ನಂಬಿಕೆಯಲ್ಲಿ ಬೈಕ್ ಬಿಚ್ಚಿ ಹಾಕಬೇಡಿ.