ಲೈಸೆನ್ಸ್ ಇಲ್ಲದ ಕರ್ನಲ್, ಹೆಸರು ಬದಲಿಸಿದ ಡ್ರೈವರ್

ಸ್ವಂತಕ್ಕೊಂದು ಆಪರೇಟಿಂಗ್ ಸಿಸ್ಟಂ ಬರೆಯುವ ಹುಚ್ಚು ಹತ್ತಿಸಿಕೊಂಡವರು ಕಡಿಮೆಯೇನಿಲ್ಲ. ಅವರಿಂದ ಈ ಸಲ ನಾಲ್ಕು ಪ್ರಶ್ನೆ ಬಂದಿವೆ. ನಾಲ್ಕೂ ಲೈಸೆನ್ಸಿನ ಬಗ್ಗೆಯೇ, ಅಂದರೆ ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಅನುಮತಿಯ ಬಗ್ಗೆ. ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳು ನೋಟಿಸ್ ಉಳಿಸಿಕೊಂಡು ಹೇಗೆ ಬೇಕಾದರೂ ಬಳಸಿ ಅನ್ನುತ್ತವೆ. ಜಿಪಿಎಲ್ ಮಾತ್ರ, ಹಂಚುವುದಾದರೆ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಿ ಅನ್ನುತ್ತದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಎರಡು ವರ್ಷದಿಂದ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇನೆ. ಕೋಡ್ ಗಿಟ್‌ಹಬ್‌ನಲ್ಲಿದೆ, ಲೈಸೆನ್ಸ್ ಹಾಕಿಲ್ಲ. ಗುರುತಿಲ್ಲದ ಇಬ್ಬರು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದ್ದರು, ಸೇರಿಸಿಕೊಂಡೆ. ಹಾಗೇ ಬಿಟ್ಟರೆ ಏನಾಗುತ್ತದೆ? ಹಾಕುವುದಾದರೆ ಎಂಐಟಿ ಹಾಕಲೋ, ಜಿಪಿಎಲ್ ಹಾಕಲೋ?

ಲೈಸೆನ್ಸ್ ಹಾಕಿಲ್ಲ ಅಂದರೆ "ಯಾರು ಬೇಕಾದರೂ ತಗೊಳ್ಳಿ" ಎಂದು ಅರ್ಥ ಅಂತ ಬಹಳ ಜನ ತಿಳಿದಿದ್ದಾರೆ. ಅದು ಪೂರ್ತಿ ಉಲ್ಟಾ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ನೀವು ಬರೆದ ಕೋಡೂ ಒಂದು ಕಾದಂಬರಿಯೂ ಕಾಯ್ದೆಯ ಕಣ್ಣಲ್ಲಿ ಒಂದೇ ವರ್ಗಕ್ಕೆ ಸೇರಿದವು. ನೋಂದಣಿ ಏನೂ ಬೇಡ, ಬರೆದ ಕೂಡಲೇ ಹಕ್ಕು ನಿಮ್ಮದಾಯಿತು. ನಿಮ್ಮ ಜೀವಮಾನವಿಡೀ, ಆಮೇಲೆ 60 ವರ್ಷ. ಗಿಟ್‌ಹಬ್‌ನಲ್ಲಿ ಪಬ್ಲಿಕ್ ಆಗಿಟ್ಟರೆ ಜನ ಅಲ್ಲೇ ನೋಡಬಹುದು, ಅಲ್ಲೇ ತಮ್ಮದೊಂದು ಪ್ರತಿ (ಫೋರ್ಕ್) ಮಾಡಿಕೊಳ್ಳಬಹುದು. ಅದನ್ನು ಬಿಟ್ಟರೆ ಬೇರೆ ಯಾವ ಅನುಮತಿಯನ್ನೂ ನೀವು ಕೊಟ್ಟಂತಾಗಲಿಲ್ಲ. ಹಾಗಾಗಿ ತಿಳಿದವರು ಅದನ್ನು ಮುಟ್ಟುವುದಿಲ್ಲ.

ಈಗ ಆ ಇಬ್ಬರ ವಿಷಯ. ಅವರು ಬರೆದ ಸಾಲುಗಳ ಹಕ್ಕು ಅವರದೇ. ನೀವೊಬ್ಬರೇ ಕೂತು ಎಂಐಟಿ ಅಂತ ಘೋಷಿಸಿದರೆ ಅವರ ಸಾಲುಗಳಿಗೆ ಅದು ಅನ್ವಯವಾಗುವುದಿಲ್ಲ. ಇವತ್ತೇ ಇಬ್ಬರಿಗೂ ಮೇಲ್ ಹಾಕಿ: "ಇಂಥ ಲೈಸೆನ್ಸ್ ಹಾಕುತ್ತಿದ್ದೇನೆ, ನಿಮ್ಮ ಪ್ಯಾಚ್‌ಗೂ ಒಪ್ಪಿಗೆಯೇ?" ಉತ್ತರವನ್ನು ಎತ್ತಿಟ್ಟುಕೊಳ್ಳಿ. ಯಾರಾದರೂ ಉತ್ತರವನ್ನೇ ಕೊಡದಿದ್ದರೆ ಅವರ ಸಾಲುಗಳನ್ನು ಕಿತ್ತು ನೀವೇ ಹೊಸದಾಗಿ ಬರೆಯಿರಿ. ಇಬ್ಬರಿದ್ದಾಗ ಇದು ಒಂದು ಸಂಜೆಯ ಕೆಲಸ. ಇನ್ನೂರು ಜನ ಆದ ಮೇಲೆ ಅರ್ಧದಷ್ಟು ಮೇಲ್ ವಿಳಾಸಗಳೇ ಸತ್ತಿರುತ್ತವೆ.

ಲಿನಕ್ಸ್‌ನ ಕತೆಯನ್ನೇ ನೋಡಿ. ಅದೂ ಒಬ್ಬ ವಿದ್ಯಾರ್ಥಿಯ ಹವ್ಯಾಸವಾಗಿ ಶುರುವಾದದ್ದಲ್ವಾ? 1991ರ 0.01 ಆವೃತ್ತಿಗೆ ಲೈನಸ್ ಟೊರ್ವಾಲ್ಡ್ಸ್ ತಾವೇ ಬರೆದ ಲೈಸೆನ್ಸ್ ಇತ್ತು. ಹಂಚುವವರು ಸೋರ್ಸ್ ಕೊಡಬೇಕು, ದುಡ್ಡು ತೆಗೆದುಕೊಳ್ಳುವಂತಿಲ್ಲ. ಫ್ಲಾಪಿ ಕಾಪಿ ಮಾಡುವ ಖರ್ಚನ್ನೂ ಕೇಳುವ ಹಾಗಿರಲಿಲ್ಲ. ಇದು ನಡೆಯುವುದಿಲ್ಲ ಎಂದು ಬೇಗ ಗೊತ್ತಾಯಿತು. 0.12ರ ಜೊತೆ, 1992ರ ಫೆಬ್ರವರಿ 1ರಿಂದ ಜಿಪಿಎಲ್ ಎಂದು ಹೇಳಿಬಿಟ್ಟರು. ಕೈಜೋಡಿಸಿದವರು ಆಗ ಕೆಲವೇ ಜನ ಇದ್ದದ್ದರಿಂದ ಅದು ಸಲೀಸಾಯಿತು. ಅದೇ ಕರ್ನಲ್ಲನ್ನು ಈಗ ಜಿಪಿಎಲ್ 3ಕ್ಕೆ ಒಯ್ಯಬೇಕು ಅಂದರೆ ಸಾವಿರಾರು ಜನರ ಒಪ್ಪಿಗೆ ಬೇಕು. ಟೊರ್ವಾಲ್ಡ್ಸ್ ಅವರಿಗೂ ಅದು ಬೇಡ, ಅದು ಬೇರೆ ಮಾತು.

ಇನ್ನು ಯಾವುದು ಒಳ್ಳೆಯದು ಅನ್ನುವ ಪ್ರಶ್ನೆ. ನಿಮ್ಮ ಕರ್ನಲ್‌ಗೆ ನಾಳೆ ಎಲ್ಲಿಂದ ಕೋಡ್ ತರಬೇಕು ಎಂದು ಮೊದಲು ಯೋಚಿಸಿ. ಹೈಕು ಎಂಬ ಆಪರೇಟಿಂಗ್ ಸಿಸ್ಟಂ ಇದಕ್ಕೆ ಒಳ್ಳೆಯ ಉದಾಹರಣೆ. 2001ರಲ್ಲಿ, ಬಿಓಎಸ್ ಎಂಬ ಸಿಸ್ಟಂ ಮಾಡುತ್ತಿದ್ದ ಬಿ (Be) ಎಂಬ ಕಂಪನಿ ತನ್ನ ಆಸ್ತಿಯನ್ನು ಪಾಮ್ ಕಂಪನಿಗೆ 1.1 ಕೋಟಿ ಡಾಲರ್‌ಗೆ ಮಾರಿತು. ಬಿಓಎಸ್ ಅನಾಥವಾಯಿತು. ಅದರ ಅಭಿಮಾನಿಗಳು ಓಪನ್‌ಬಿಓಎಸ್ ಎಂಬ ಹೆಸರಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯತೊಡಗಿದರು. 2004ರಲ್ಲಿ ಟ್ರೇಡ್‌ಮಾರ್ಕಿನ ತಕರಾರು ಬೇಡವೆಂದು ಹೆಸರು ಹೈಕು ಆಯಿತು. ಕೋಡಿನ ಲೈಸೆನ್ಸೇ ಬೇರೆ, ಹೆಸರಿನ ಹಕ್ಕೇ ಬೇರೆ ಅನ್ನುವುದು ಇಲ್ಲಿ ಕಾಣುತ್ತದೆ. ತಾವು ಬರೆದ ಕೋಡಿಗೆ ಅವರು ಎಂಐಟಿ ಆರಿಸಿಕೊಂಡರು. ಬಿಎಸ್‌ಡಿ ಲೈಸೆನ್ಸಿನ ಫ್ರೀಬಿಎಸ್‌ಡಿ ಎಂಬ ಸಿಸ್ಟಂನ ನೆಟ್‌ವರ್ಕ್ ಡ್ರೈವರ್‌ಗಳಿಗೆ (ಕಾರ್ಡನ್ನು ನಡೆಸುವ ಕೋಡ್) ಒಂದು ಹೊಂದಾಣಿಕೆ ಪದರ ಬರೆದು ಅವನ್ನು ತಂದುಕೊಂಡರು. ಬಿಎಸ್‌ಡಿ ಮತ್ತು ಎಂಐಟಿ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರುತ್ತವೆ.

ಜಾಹೀರಾತಿನ ಷರತ್ತಿಲ್ಲದ ಬಿಎಸ್‌ಡಿ ಕೋಡ್ ಜಿಪಿಎಲ್ ಪ್ರಾಜೆಕ್ಟಿಗೂ ಹೋಗಬಹುದು (ಆ ಷರತ್ತಿನ ಮಾತು ಮುಂದೆ ಬರುತ್ತದೆ). ಜಿಪಿಎಲ್ ಕೋಡ್ ಮಾತ್ರ ಎಂಐಟಿ ಕರ್ನಲ್‌ಗೆ ಬಂದರೆ ಇಡೀ ಕರ್ನಲ್ಲನ್ನೇ ಜಿಪಿಎಲ್ ಷರತ್ತಿನಲ್ಲಿ ಹಂಚಬೇಕಾಗುತ್ತದೆ. ಇದು ಒನ್ ವೇ ರಸ್ತೆ. ನಿಮ್ಮ ಕರ್ನಲ್ ಜಿಪಿಎಲ್ 2 ಆದರೆ ಲಿನಕ್ಸ್‌ನ ಡ್ರೈವರ್ ಭಂಡಾರ ನಿಮಗೆ ತೆರೆದಿರುತ್ತದೆ. ಇದೇನು ಸಣ್ಣ ಲಾಭವಲ್ಲ.

ಇನ್ನೊಂದು ಕಡೆಯನ್ನೂ ನೋಡಿ. ಆಂಡ್ರ್ಯೂ ಟ್ಯಾನೆನ್‌ಬಾಮ್ ಪಾಠಕ್ಕೆಂದು ಬರೆದ ಮಿನಿಕ್ಸ್ ಎಂಬ ಸಿಸ್ಟಂ 2000ದಿಂದ ಬಿಎಸ್‌ಡಿ ಲೈಸೆನ್ಸಿನಲ್ಲಿದೆ. ಇಂಟೆಲ್ ತನ್ನ ಚಿಪ್‌ಗಳ ಮ್ಯಾನೇಜ್‌ಮೆಂಟ್ ಇಂಜಿನ್ ಎಂಬ ಒಳಗಿನ ಪುಟ್ಟ ಕಂಪ್ಯೂಟರ್‌ನಲ್ಲಿ ಮಿನಿಕ್ಸ್ 3ನ್ನು ಓಡಿಸುತ್ತಿದೆ ಎಂದು 2017ರಲ್ಲಿ ಬಯಲಾಯಿತು. ಟ್ಯಾನೆನ್‌ಬಾಮ್ ಒಂದು ಬಹಿರಂಗ ಪತ್ರ ಬರೆದರು. ಹೇಳಬೇಕೆಂಬ ಕರಾರೇನೂ ಇಲ್ಲ, ಆದರೂ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು ಎಂಬುದು ಅದರ ಧಾಟಿ. ನಿಮಗೂ ಹಾಗೇ ಆದರೆ ಖುಷಿ ಆಗುತ್ತದಾ, ಹೊಟ್ಟೆ ಉರಿಯುತ್ತದಾ? ಖುಷಿಯಾದರೆ ಎಂಐಟಿ, ಉರಿದರೆ ಜಿಪಿಎಲ್. ನಾನಾದರೆ ಎಂಐಟಿ ಹಾಕುತ್ತೇನೆ. ಹವ್ಯಾಸದ ಕರ್ನಲ್ಲನ್ನು ಯಾರಾದರೂ ಬಳಸಿದರೇ ದೊಡ್ಡ ಮಾತು.

ಒಂದು ಮಾತ್ರ ಮಾಡಬೇಡಿ. "ವ್ಯಾಪಾರಕ್ಕೆ ಬಳಸಬಾರದು" ಅಂತ ಸ್ವಂತ ಲೈಸೆನ್ಸ್ ಬರೆಯಬೇಡಿ. ಆ ಸಾಲು ಸೇರಿದ ಕೂಡಲೇ ಅದು ಓಪನ್ ಸೋರ್ಸ್ ಆಗಿ ಉಳಿಯುವುದಿಲ್ಲ.

ಪ್ರಶ್ನೆ: ನನ್ನದು ಎಂಐಟಿ ಲೈಸೆನ್ಸಿನ ಸಿಸ್ಟಂ. ಲಿನಕ್ಸ್‌ನಿಂದ ಆರ್‌ಟಿಎಲ್ 8139 ನೆಟ್‌ವರ್ಕ್ ಕಾರ್ಡಿನ ಡ್ರೈವರ್ ತೆಗೆದುಕೊಂಡು ವೇರಿಯಬಲ್ ಹೆಸರು, ಫಂಕ್ಷನ್ ಹೆಸರು ಎಲ್ಲ ಬದಲಿಸಿದ್ದೇನೆ. ಈಗ ಅದು ನನ್ನದೇ ಅಲ್ವಾ?

ಅಲ್ಲ. ಪಾತ್ರಗಳ ಹೆಸರು ಬದಲಿಸಿದರೆ ಕತೆ ನಿಮ್ಮದಾಗುತ್ತದೆಯೇ? ಕೋಡಿನ ರಚನೆ, ಹೆಜ್ಜೆಗಳ ಕ್ರಮ, ಎಷ್ಟೋ ಸಲ ಅದರ ತಪ್ಪುಗಳೂ ಹಾಗೇ ಉಳಿದಿರುತ್ತವೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನೂ ಒಂದು ಕಾಲದಲ್ಲಿ ಕೀಬೋರ್ಡ್ ಡ್ರೈವರ್‌ನ ಸ್ಕ್ಯಾನ್‌ಕೋಡ್ ಭಾಗವನ್ನು ಹೀಗೇ ಎತ್ತಿಕೊಂಡಿದ್ದೆ. ನಾನು ಬರೆದದ್ದಲ್ಲದ ಕಾಮೆಂಟ್ ಒಂದು ಅದರಲ್ಲಿ ಉಳಿದಿತ್ತು. ಸ್ನೇಹಿತರೊಬ್ಬರು ಅದನ್ನು ತೋರಿಸಿ ನಕ್ಕರು. ಒಂದು ವಾರ ಕೂತು ಮೊದಲಿಂದ ಬರೆದೆ.

ನಿಮಗೆ ಎರಡು ದಾರಿ ಇದೆ. ಈ ಚಿಪ್‌ನ ಡೇಟಾಶೀಟ್ (ತಾಂತ್ರಿಕ ವಿವರದ ಪುಸ್ತಿಕೆ) ಸಿಗುತ್ತದೆ, ಕ್ಯೂಇಎಂಯು ಎಂಬ ಸಾಫ್ಟ್‌ವೇರ್ ಆ ಚಿಪ್ಪನ್ನು ಅನುಕರಿಸುತ್ತದೆ. ಡೇಟಾಶೀಟ್ ಓದಿ ನೀವೇ ಬರೆಯಿರಿ. ಚಿಪ್‌ನ ಯಾವ ರಿಜಿಸ್ಟರ್‌ನಲ್ಲಿ (ಒಳಗಿನ ಖಾನೆಯಲ್ಲಿ) ಏನಿದೆ ಅನ್ನುವುದು ಮಾಹಿತಿ, ಅದರ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಇನ್ನೊಂದು ದಾರಿ ಫ್ರೀಬಿಎಸ್‌ಡಿಯ ಡ್ರೈವರ್. ಆದರೆ ಅದರ ಫೈಲ್ ತೆರೆದು ಮೇಲಿನ ಕಾಮೆಂಟನ್ನು ಬೆರಳಿಟ್ಟು ಎಣಿಸಿ ಓದಿ. ಅದರಲ್ಲಿ ಎರಡಲ್ಲ, ನಾಲ್ಕು ಷರತ್ತಿವೆ. ಮೂರನೆಯದು ಜಾಹೀರಾತಿನ ಷರತ್ತು. ಈ ಸಾಫ್ಟ್‌ವೇರನ್ನು ಹೆಸರಿಸುವ ಯಾವುದೇ ಜಾಹೀರಾತಿನಲ್ಲಿ ಬರೆದವರ ಹೆಸರೂ ಇರಬೇಕು ಅನ್ನುತ್ತದೆ. 1999ರಲ್ಲಿ, ಬಿಎಸ್‌ಡಿ ಲೈಸೆನ್ಸ್ ಹುಟ್ಟಿದ ಬರ್ಕ್ಲಿ ವಿಶ್ವವಿದ್ಯಾಲಯ ಈ ಷರತ್ತನ್ನು ಕೈಬಿಟ್ಟಿತು ನಿಜ, ಆದರೆ ತನ್ನ ಕೋಡಿಗೆ ಮಾತ್ರ. ಬೇರೆಯವರು ಅದೇ ಅಚ್ಚಿನಲ್ಲಿ ಬರೆದದ್ದು ಹಾಗೇ ನಿಂತಿದೆ. ನಿಮ್ಮದು ಎಂಐಟಿ ಆದ್ದರಿಂದ ಇದು ತೊಡಕಲ್ಲ, ಕಾಮೆಂಟನ್ನು ಹಾಗೇ ಉಳಿಸಿಕೊಂಡು ಷರತ್ತು ಪಾಲಿಸಿದರೆ ಸಾಕು. ಜಿಪಿಎಲ್ ಇಂಥ ಹೆಚ್ಚುವರಿ ಷರತ್ತನ್ನು ಒಪ್ಪುವುದಿಲ್ಲ, ಹಾಗಾಗಿ ಜಿಪಿಎಲ್ ಕರ್ನಲ್ ಆಗಿದ್ದರೆ ಈ ಫೈಲ್ ಸೇರುತ್ತಲೇ ಇರಲಿಲ್ಲ.

ಇಂಥದ್ದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದು ರಿಯಾಕ್ಟ್‌ಓಎಸ್‌ನವರಿಗೆ ಗೊತ್ತು. ವಿಂಡೋಸ್‌ಗೆ ಹೊಂದುವ ಸಿಸ್ಟಂ ಬರೆಯುತ್ತಿರುವ ಅವರ ಕೋಡಿನಲ್ಲಿ ವಿಂಡೋಸ್‌ ಬಿಚ್ಚಿ ತೆಗೆದ ಭಾಗಗಳಿವೆ ಎಂದು 2006ರ ಜನವರಿಯಲ್ಲಿ ಒಂದು ಆರೋಪ ಬಂತು. ಕೋಡನ್ನೆಲ್ಲ ಆಡಿಟ್ ಮಾಡಬೇಕಾಯಿತು. ಒಬ್ಬರು ಬಿಚ್ಚಿ ನೋಡಿ ಅದು ಹೇಗೆ ನಡೆಯುತ್ತದೆಂದು ಬರೆದಿಡಬೇಕು, ಇನ್ನೊಬ್ಬರು ಆ ಬರಹವನ್ನಷ್ಟೇ ಓದಿ ಕೋಡ್ ಬರೆಯಬೇಕು ಎಂಬ ನಿಯಮವನ್ನು ಬಿಗಿ ಮಾಡಿದರು.

ಪ್ರಶ್ನೆ: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ರಾತ್ರಿ ಹೊತ್ತು ಹೈಕುಗೆ ಪ್ಯಾಚ್ ಕಳಿಸುತ್ತೇನೆ. ಕಂಪನಿ ಅದು ತನ್ನದು ಅನ್ನಬಹುದಾ?

ಆಫರ್ ಲೆಟರ್ ಹುಡುಕಿ ತೆಗೆಯಿರಿ. ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು ಕಂಪನಿಯದು. ರಾತ್ರಿ ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ, ಆಫೀಸಿಗೆ ಸಂಬಂಧವಿಲ್ಲದ್ದನ್ನು ಬರೆದರೆ ಅದು ಇದರಲ್ಲಿ ಬರುವುದಿಲ್ಲ. ತೊಂದರೆ ಇರುವುದು ಒಪ್ಪಂದದಲ್ಲಿ. ಕೆಲಸದಲ್ಲಿ ಇರುವಷ್ಟು ಕಾಲ ಬರೆದದ್ದೆಲ್ಲ ನಮ್ಮದು ಎಂಬ ಸಾಲು ಕೆಲವರ ಪತ್ರದಲ್ಲಿ ಇರುತ್ತದೆ. ಓದದೇ ಸಹಿ ಹಾಕಿರುತ್ತೇವೆ. ಆ ಸಾಲು ಇದ್ದರೆ ಮ್ಯಾನೇಜರ್ ಬಾಯಿಮಾತಿಗೆ ಬೆಲೆಯಿಲ್ಲ. ಪ್ರಾಜೆಕ್ಟಿನ ಹೆಸರು ಹಾಕಿ ಎಚ್‌ಆರ್‌ನಿಂದ ಬರಹದಲ್ಲಿ ಅನುಮತಿ ತರಿಸಿಕೊಳ್ಳಿ, ಮೊತ್ತ ದೊಡ್ಡದಾದ ವಿಷಯವಿದ್ದರೆ ವಕೀಲರನ್ನು ಕೇಳಿ. ಅಲ್ಲಿಯವರೆಗೆ ಪ್ಯಾಚ್ ತಡೆಹಿಡಿಯುವುದು ವಾಸಿ. ನಿಮಗಷ್ಟೇ ಅಲ್ಲ, ಹೈಕುನವರಿಗೂ ತಲೆನೋವು ತಪ್ಪುತ್ತದೆ.

ಪ್ರಶ್ನೆ: ನನ್ನ ಸಿಸ್ಟಂನಲ್ಲಿ ಕನ್ನಡ ಬರಬೇಕು. ಯಾವ ಫಾಂಟ್ ಸೇರಿಸಿದರೆ ಲೈಸೆನ್ಸ್ ಕಾಟ ಇರುವುದಿಲ್ಲ?

ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಎರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಸಿಸ್ಟಂ ಜೊತೆ ಸೇರಿಸಿ ಹಂಚಬಹುದು, ಮಾರಲೂಬಹುದು. ಫಾಂಟೊಂದನ್ನೇ ಬಿಡಿಯಾಗಿ ಮಾರುವಂತಿಲ್ಲ. ನಿಮ್ಮ ಕರ್ನಲ್‌ನ ಲೈಸೆನ್ಸಿಗೆ ಇದು ಅಂಟುವುದಿಲ್ಲ.

ಫಾಂಟ್ ಒಂದಿದ್ದರೆ ಸಾಲದು. ಅಕ್ಷರ ಜೋಡಿಸುವ ಇಂಜಿನ್ ಇಲ್ಲದೆ "ಕರ್ನಲ್" ಎಂದು ಬರೆಸಿದರೆ ಪರದೆ ಮೇಲೆ ಬರುವುದು "ಕರ್‌ನಲ್". ಅರ್ಕಾವತ್ತು ತಾನಾಗಿ ಬಲಕ್ಕೆ ಹೋಗಿ ಕೂರುವುದಿಲ್ಲ. ಆ ಕೆಲಸಕ್ಕೆ ಹಾರ್ಫ್‌ಬಜ್ ಇದೆ, ಅದರ ಲೈಸೆನ್ಸ್ ಹಳೆಯ ಎಂಐಟಿ ಮಾದರಿಯದು. ನೋಟಿಸ್ ಉಳಿಸಿಕೊಂಡರೆ ಸಾಕು.

ಬಹಳ ಜನ ಎಡವುವುದು ಇಲ್ಲಿ. ಟಿಟಿಎಫ್ (ಫಾಂಟ್ ಫೈಲಿನ ಒಂದು ಮಾದರಿ) ಓದುವ ಕೋಡ್ ಇನ್ನೂ ಬರೆದಿಲ್ಲ ಅಂತ ಫಾಂಟನ್ನು ಬಿಟ್‌ಮ್ಯಾಪ್ (ಚುಕ್ಕಿಗಳ ಚಿತ್ರ) ಮಾಡಿ ಸೇರಿಸುತ್ತಾರೆ. ಈ ಲೈಸೆನ್ಸಿನ ಲೆಕ್ಕದಲ್ಲಿ ಫಾರ್ಮ್ಯಾಟ್ ಬದಲಿಸುವುದೂ ಮಾರ್ಪಾಡೇ. ಫಾಂಟಿನ ಲೈಸೆನ್ಸ್ ಫೈಲಿನ ಮೊದಲ ಸಾಲುಗಳಲ್ಲಿ ಯಾವುದಾದರೂ ಹೆಸರನ್ನು ಕಾಯ್ದಿರಿಸಿದ್ದರೆ ನಿಮ್ಮ ಬಿಟ್‌ಮ್ಯಾಪ್‌ಗೆ ಆ ಹೆಸರು ಇಡುವಂತಿಲ್ಲ. ಬೇರೆ ಹೆಸರಿಡಿ, ಲೈಸೆನ್ಸ್ ಫೈಲನ್ನು ಅದರ ಪಕ್ಕದಲ್ಲೇ ಇಡಿ.